ಕರಾರಿನೊಳಗೆ ಸಿಲುಕಿದ ಕಂಠ

ಅಮೆರಿಕದ ಡೆಕ್ಕಾ ಕಂಪನಿಯು 1957ರ ಆಗಸ್ಟ್ 5ರಂದು ಪ್ಯಾಟ್ಸಿ ಕ್ಲೈನ್ ಎಂಬ ಇಪ್ಪತ್ತನಾಲ್ಕು ವರ್ಷದ ಗಾಯಕಿಯ ಮೊದಲ ಆಲ್ಬಮ್ಮನ್ನು ಮಾರುಕಟ್ಟೆಗೆ ತಂದಿತು. ಗಾಯಕಿಯ ಹೆಸರೇ ಆಲ್ಬಮ್ಮಿನ ಹೆಸರೂ ಆಗಿತ್ತು. ಅದರಲ್ಲಿದ್ದ ಹನ್ನೆರಡು ಹಾಡುಗಳಲ್ಲಿ ಒಂದು ಆಗಲೇ ಮನೆಮಾತಾಗಿತ್ತು. ಉಳಿದ ಹನ್ನೊಂದು ಹಾಡುಗಳಿಗೆ ಹೇಳಿಕೊಳ್ಳುವಂಥ ಸ್ವಾಗತ ದೊರೆಯಲಿಲ್ಲ. ನಾಲ್ಕೇ ವರ್ಷಗಳ ತರುವಾಯ ಇದೇ ಗಾಯಕಿ, ಇದೇ ನಿರ್ಮಾಪಕನ ಮಾರ್ಗದರ್ಶನದಲ್ಲಿ ಹಾಡಿದ ಹಾಡುಗಳು ಇಪ್ಪತ್ತನೆಯ ಶತಮಾನದ ಅಮೆರಿಕನ್ ಜನಪ್ರಿಯ ಸಂಗೀತದ ಶ್ರೇಷ್ಠ ಮಾದರಿಗಳೆನಿಸಿದವು. ಕಂಠ ಅದೇ, ಕೂರಿಸಿ ಹಾಡಿಸಿದವರೂ ಅವರೇ. ಹಾಗಾದರೆ ಬದಲಾದದ್ದೇನು?

ನಾನು ಸಂಗೀತಶಾಸ್ತ್ರ ಬಲ್ಲವನಲ್ಲ. ಅರ್ಥಶಾಸ್ತ್ರ ಓದಿದವನು, ಸರ್ಕಾರಿ ಸೇವೆಯ ಬಹುಭಾಗವನ್ನು ಕಡತಗಳ, ಅದರಲ್ಲೂ ಒಪ್ಪಂದ ಪತ್ರಗಳ ನಡುವೆ ಕಳೆದವನು. ಯಾವುದೇ ಒಪ್ಪಂದ ಕೈಗೆ ಬಂದರೂ ಪೀಠಿಕೆಯನ್ನು ಬದಿಗಿಟ್ಟು ಷರತ್ತುಗಳ ಪುಟವನ್ನೇ ಮೊದಲು ತೆರೆಯುವ ಅಭ್ಯಾಸ ನಿವೃತ್ತಿಯ ನಂತರವೂ ಹೋಗಿಲ್ಲ. ಪ್ಯಾಟ್ಸಿ ಕ್ಲೈನ್ ಅವರ ಬದುಕನ್ನು ಕುರಿತು ಓದುತ್ತ ಹೋದಂತೆ ಮೇಲಿನ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಅಂಥದೊಂದು ಪುಟದಲ್ಲಿಯೇ ಇದೆ ಎಂದು ನನಗೆ ಮನವರಿಕೆಯಾಯಿತು.

ಕಂಟ್ರಿ ಸಂಗೀತವೆಂಬುದು ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ, ಅಪಲೇಚಿಯನ್ ಬೆಟ್ಟಸಾಲಿನ ಬಡ ಜನರ ನಡುವೆ ಬೆಳೆದ ಹಾಡಿನ ಪರಂಪರೆ. ಪಿಟೀಲು, ಗಿಟಾರು, ದುಡಿಮೆ, ದೇವರು, ಮುರಿದ ಪ್ರೀತಿ ಇವು ಅದರ ಸಾಮಗ್ರಿ. ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರ ಅದರ ರಾಜಧಾನಿ. 1925ರಲ್ಲಿ ಅಲ್ಲಿಂದ ಆರಂಭವಾದ ರೇಡಿಯೋ ಕಾರ್ಯಕ್ರಮವೇ ಮುಂದೆ ಗ್ರ್ಯಾಂಡ್ ಓಲ್ ಆಪ್ರಿ ಎಂದು ಹೆಸರಾಯಿತು. ಅದರ ವೇದಿಕೆಯಲ್ಲಿ ಹಾಡುವುದು ಆ ಸಂಗೀತದ ಪ್ರತಿಯೊಬ್ಬರ ಕನಸಾಗಿತ್ತು.

ಪ್ಯಾಟ್ಸಿ ಹುಟ್ಟಿದ್ದು 1932ರ ಸೆಪ್ಟೆಂಬರ್ 8ರಂದು, ವರ್ಜೀನಿಯಾ ರಾಜ್ಯದ ವಿಂಚೆಸ್ಟರ್ ಎಂಬ ಸಣ್ಣ ಊರಿನಲ್ಲಿ. ಹುಟ್ಟುಹೆಸರು ವರ್ಜೀನಿಯಾ ಪ್ಯಾಟರ್ಸನ್ ಹೆನ್ಸ್ಲಿ. ಅದು ಮಹಾ ಆರ್ಥಿಕ ಕುಸಿತದ ಕಾಲ. ತಂದೆ ಕಮ್ಮಾರ, ತಾಯಿ ಹಿಲ್ಡಾಗೆ ಆಗ ಹದಿನಾರು ವರ್ಷ. ತಂದೆಗೆ ಕೆಲಸ ಸಿಕ್ಕ ಕಡೆಗೆ ಸಂಸಾರ ಊರಿಂದೂರಿಗೆ ಅಲೆಯುತ್ತಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಬಾಲಕಿಗೆ ಗಂಟಲಿನ ಸೋಂಕಿನೊಂದಿಗೆ ರುಮ್ಯಾಟಿಕ್ ಜ್ವರ ಬಂದು ಪ್ರಾಣಕ್ಕೇ ಸಂಚಕಾರ ಒದಗಿತ್ತು. ಅದರಿಂದ ಚೇತರಿಸಿಕೊಂಡ ಮೇಲೆಯೇ ತನ್ನ ಕಂಠಕ್ಕೆ ಆ ಗಾತ್ರ ಬಂತೆಂದು ಆಕೆ ಮುಂದೆ ನಂಬಿದ್ದರು. 1947ರಲ್ಲಿ ತಂದೆ ಮನೆ ತೊರೆದು ಹೋದರು. ಮೂವರು ಮಕ್ಕಳ ಹೊಣೆ ಹೊತ್ತ ತಾಯಿ ಹೊಲಿಗೆಯಿಂದ ಸಂಸಾರ ತೂಗಿಸಿದರು. ಹಿರಿಯ ಮಗಳು ಶಾಲೆ ಬಿಟ್ಟು ದುಡಿಮೆಗೆ ಇಳಿದಳು. ಕೋಳಿ ಮಾಂಸದ ಕಾರ್ಖಾನೆ, ಬಸ್ ನಿಲ್ದಾಣ, ಔಷಧಿ ಅಂಗಡಿಯೊಂದರ ಸೋಡಾ ಕೌಂಟರು, ಹೀಗೆ ಹಗಲು ಕಳೆಯುತ್ತಿತ್ತು. ರಾತ್ರಿ ಆಸುಪಾಸಿನ ಊರುಗಳ ಸಭಾಂಗಣಗಳಲ್ಲಿ, ಹೋಟೆಲುಗಳಲ್ಲಿ ಹಾಡು ನಡೆಯುತ್ತಿತ್ತು.

ಸ್ಥಳೀಯ ರೇಡಿಯೋ ಕೇಂದ್ರಕ್ಕೆ ತಾನಾಗಿಯೇ ಹೋಗಿ ಅವಕಾಶ ಕೇಳಿ ಹಾಡಿದಾಗ ಆಕೆ ಇನ್ನೂ ಹದಿಹರೆಯದ ಹುಡುಗಿ. ಸಂಗೀತದ ಲಿಪಿ ಓದಲು ಬಾರದು, ಗುರುಮುಖದ ಪಾಠವಿಲ್ಲ; ಕೇಳಿ ಕಲಿತದ್ದೇ ವಿದ್ಯೆ. 1952ರಲ್ಲಿ ಬಿಲ್ ಪಿಯರ್ ಎಂಬ ವಾದ್ಯತಂಡದ ನಾಯಕ ಆಕೆಯನ್ನು ತನ್ನ ತಂಡಕ್ಕೆ ಸೇರಿಸಿಕೊಂಡರು. ಪ್ಯಾಟರ್ಸನ್ ಎಂಬ ನಡುಹೆಸರಿನಿಂದ ಪ್ಯಾಟ್ಸಿ ಎಂಬ ಹೆಸರು ಹುಟ್ಟಿದ್ದು ಆಗ. ಮರುವರ್ಷ ಜೆರಾಲ್ಡ್ ಕ್ಲೈನ್ ಎಂಬುವರೊಂದಿಗೆ ವಿವಾಹವಾಯಿತು. ಆ ದಾಂಪತ್ಯ ನಾಲ್ಕು ವರ್ಷ ಬಾಳಿತು, ಹೆಸರು ಮಾತ್ರ ಶಾಶ್ವತವಾಗಿ ಉಳಿಯಿತು.

ಇಲ್ಲಿಂದ ಮುಂದಿನ ಕಥೆಯ ಕೇಂದ್ರ ಒಂದು ಕಾಗದ. 1954ರ ಸೆಪ್ಟೆಂಬರ್ 30ರಂದು, ಇಪ್ಪತ್ತೆರಡು ತುಂಬಿ ಮೂರು ವಾರವಷ್ಟೇ ಆಗಿದ್ದಾಗ, ಪ್ಯಾಟ್ಸಿ ಅವರು ಕ್ಯಾಲಿಫೋರ್ನಿಯಾದ ಫೋರ್ ಸ್ಟಾರ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿಯೊಂದಿಗೆ ಕರಾರಿಗೆ ಸಹಿ ಹಾಕಿದರು. ಕಂಪನಿಯ ಒಡೆಯ ಬಿಲ್ ಮೆಕಾಲ್. ಆ ಕರಾರಿನಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಧ್ವನಿಮುದ್ರಿಕೆಗಳ ಮಾರಾಟದಲ್ಲಿ ಗಾಯಕಿಗೆ ಸಿಗುವ ರಾಯಧನ ಶೇಕಡ 2.34, ಅಂದರೆ ಆ ಕಾಲದ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಕೊಡುತ್ತಿದ್ದುದರ ಸುಮಾರು ಅರ್ಧ. ಇದಕ್ಕಿಂತ ಬಿಗಿಯಾದದ್ದು ಇನ್ನೊಂದು ಷರತ್ತು. ಫೋರ್ ಸ್ಟಾರ್ ಸಂಸ್ಥೆ ಪ್ರಕಾಶನ ಹಕ್ಕು ಹೊಂದಿರುವ ಹಾಡುಗಳನ್ನು ಮಾತ್ರ ಆಕೆ ಧ್ವನಿಮುದ್ರಿಸಬೇಕಿತ್ತು. ಬೇರೆಯವರ ಬಳಿ ಎಷ್ಟೇ ಒಳ್ಳೆಯ ಹಾಡಿದ್ದರೂ ಅದು ಆಕೆಯ ಪಾಲಿಗೆ ಇರುತ್ತಿರಲಿಲ್ಲ.

ಈ ಎರಡನೆಯ ಷರತ್ತಿನ ಒಳಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಮೆರಿಕದ 1909ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಒಂದು ಹಾಡಿನ ಧ್ವನಿಮುದ್ರಿಕೆಯ ಪ್ರತಿಯೊಂದು ಪ್ರತಿಗೂ ಹಾಡಿನ ಹಕ್ಕುದಾರರಿಗೆ ಎರಡು ಸೆಂಟ್ ಸಲ್ಲಬೇಕಿತ್ತು. ಪೂರ್ಣ ದರ ದೊರೆತರೆ ಹನ್ನೆರಡು ಹಾಡಿನ ಒಂದು ಆಲ್ಬಮ್ಮಿಗೆ 24 ಸೆಂಟ್. ಆಲ್ಬಮ್ಮಿನ ಬೆಲೆ ಆಗ ಸುಮಾರು ನಾಲ್ಕು ಡಾಲರ್. ಅದರ ಶೇಕಡ 2.34 ಎಂದರೆ ಒಂಬತ್ತು ಸೆಂಟ್‌ಗಿಂತ ತುಸು ಹೆಚ್ಚು. ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಸಂಭಾವನೆ ಮುಂತಾದ ಖರ್ಚನ್ನು ಕಲಾವಿದರ ರಾಯಧನದಿಂದ ಮುರಿದುಕೊಳ್ಳುವುದು ಆ ಉದ್ಯಮದ ವಾಡಿಕೆ. ಹೀಗಾಗಿ ಹಾಡಿದವರಿಗಿಂತ ಹಾಡಿನ ಹಕ್ಕು ಕೊಂಡಿಟ್ಟವರ ಪಾಲೇ ದೊಡ್ಡದು ಮತ್ತು ಖಚಿತ. ಪ್ರಕಾಶಕರು ತಮ್ಮ ಪಾಲಿನಲ್ಲಿ ಅರ್ಧವನ್ನು ಹಾಡು ಬರೆದವರಿಗೆ ಕೊಡುವುದು ರೂಢಿಯಾಗಿತ್ತು. ಮೆಕಾಲ್ ಅದಕ್ಕೂ ಒಂದು ದಾರಿ ಕಂಡುಕೊಂಡಿದ್ದರು. ಮೊದಲ ಆಲ್ಬಮ್ಮಿನ ಹಲವು ಹಾಡುಗಳ ರಚನಕಾರರ ಪಟ್ಟಿಯಲ್ಲಿ ಡಬ್ಲ್ಯು. ಎಸ್. ಸ್ಟೀವನ್ಸನ್ ಎಂಬ ಹೆಸರಿದೆ. ಅದು ಮೆಕಾಲ್ ಅವರದೇ ಗುಪ್ತನಾಮ.

ಎಂ.ಎ. ತರಗತಿಯಲ್ಲಿ ನಾವು ಜೋನ್ ರಾಬಿನ್ಸನ್ ಅವರ ಗ್ರಂಥದಲ್ಲಿ ಖರೀದಿದಾರನ ಏಕಸ್ವಾಮ್ಯದ ಬಗ್ಗೆ ಓದಿದ್ದೆವು. ದುಡಿಮೆಯನ್ನು ಕೊಳ್ಳುವವನು ಒಬ್ಬನೇ ಆಗಿದ್ದಾಗ ದುಡಿಯುವವನ ಕೂಲಿ ಅವನ ದುಡಿಮೆಯ ಮೌಲ್ಯಕ್ಕಿಂತ ಕೆಳಗೆ ಇಳಿಯುತ್ತದೆ ಎಂಬುದು ಅದರ ಸಾರ. ಫೋರ್ ಸ್ಟಾರ್ ಕರಾರಿನಲ್ಲಿ ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಿನದು ಇತ್ತು. ದುಡಿಮೆಯ ಬೆಲೆಯನ್ನು ಕೊಳ್ಳುವವನೇ ಗೊತ್ತುಮಾಡುತ್ತಿದ್ದ. ದುಡಿಯುವವಳು ಬಳಸಬೇಕಾದ ಕಚ್ಚಾ ಸಾಮಗ್ರಿಯನ್ನೂ ಅವನ ಅಂಗಡಿಯಿಂದಲೇ ತರಬೇಕಿತ್ತು. ನೇಕಾರನಿಗೆ ಮಜೂರಿ ಕಡಿಮೆ ಕೊಟ್ಟು, ನೂಲನ್ನೂ ತನ್ನಲ್ಲಿಯೇ ಕೊಳ್ಳಬೇಕೆಂದು ಕಟ್ಟು ಮಾಡುವ ಸಾಹುಕಾರನ ವ್ಯವಹಾರ ಇದು. ನೂಲು ಕಳಪೆಯಾದರೆ ಬಟ್ಟೆ ಕಳಪೆಯಾಗುತ್ತದೆ, ಅಪಕೀರ್ತಿ ನೇಕಾರನಿಗೆ ಬರುತ್ತದೆ.

ಫೋರ್ ಸ್ಟಾರ್ ಈ ಧ್ವನಿಮುದ್ರಣಗಳನ್ನು ಡೆಕ್ಕಾ ಕಂಪನಿಗೆ ಬಾಡಿಗೆಯ ರೂಪದಲ್ಲಿ ಒದಗಿಸುತ್ತಿತ್ತು. ಇದರಿಂದ ಒಂದು ಒಳಿತಾಯಿತು. 1955ರ ಜೂನ್ 1ರಂದು ನಡೆದ ಮೊದಲ ಧ್ವನಿಮುದ್ರಣದಿಂದಲೇ ಪ್ಯಾಟ್ಸಿ ಅವರಿಗೆ ನ್ಯಾಶ್‌ವಿಲ್‌ನ ಓವನ್ ಬ್ರಾಡ್ಲಿ ಅವರಂಥ ನುರಿತ ಸಂಗೀತ ಸಂಯೋಜಕರ ಸಂಗ ದೊರೆಯಿತು. ಆದರೆ ಬ್ರಾಡ್ಲಿ ಅವರಿಗೂ ಆಯ್ಕೆಯ ಸ್ವಾತಂತ್ರ್ಯವಿರಲಿಲ್ಲ. ಮೊದಲ ಒಂದೂವರೆ ವರ್ಷ ಬಿಡುಗಡೆಯಾದ ಹಾಡುಗಳಾವುವೂ ಗೆಲ್ಲಲಿಲ್ಲ.

ಆಮೇಲೆ ಬಂದದ್ದು 'ವಾಕಿನ್ ಆಫ್ಟರ್ ಮಿಡ್‌ನೈಟ್'. ನಡುರಾತ್ರಿ ಕಳೆದ ಮೇಲೆ ಪ್ರಿಯನನ್ನು ಅರಸುತ್ತ ನಡೆಯುವ ಹೆಣ್ಣಿನ ಹಾಡು. ಡಾನ್ ಹೆಕ್ಟ್ ಮತ್ತು ಅಲನ್ ಬ್ಲಾಕ್ ಇದನ್ನು ಕೇ ಸ್ಟಾರ್ ಎಂಬ ಪಾಪ್ ಗಾಯಕಿಗಾಗಿ ಬರೆದಿದ್ದರು. ಆಕೆಯ ಕಂಪನಿ ನಿರಾಕರಿಸಿತ್ತು. ಪ್ಯಾಟ್ಸಿ ಅವರಿಗೂ ಹಾಡು ಹಿಡಿಸಲಿಲ್ಲ. ತಾನು ಕಂಟ್ರಿ ಗಾಯಕಿ, ಇದು ಪಾಪ್ ಹಾಡು ಎಂಬುದು ಆಕೆಯ ತಕರಾರು. ಕೊನೆಗೊಂದು ರಾಜಿಯಾಯಿತು. ತನಗೆ ಇಷ್ಟವಾದ 'ಎ ಪುಅರ್ ಮ್ಯಾನ್ಸ್ ರೋಸಸ್' ಎಂಬ ಹಾಡನ್ನೂ ಜೊತೆಗೆ ಧ್ವನಿಮುದ್ರಿಸುವುದಾದರೆ ಇದನ್ನು ಹಾಡುವೆನೆಂದು ಒಪ್ಪಿ, 1956ರ ನವೆಂಬರ್‌ನಲ್ಲಿ ಎರಡನ್ನೂ ಹಾಡಿದರು.

1957ರ ಜನವರಿ 21ರಂದು ನ್ಯೂಯಾರ್ಕ್‌ನಲ್ಲಿ ಆರ್ಥರ್ ಗಾಡ್‌ಫ್ರಿ ನಡೆಸುತ್ತಿದ್ದ ಪ್ರತಿಭಾನ್ವೇಷಣೆಯ ದೂರದರ್ಶನ ಕಾರ್ಯಕ್ರಮದಲ್ಲಿ ಆಕೆಗೆ ಅವಕಾಶ ಸಿಕ್ಕಿತು. ಅಲ್ಲಿ ಕಲಾವಿದರನ್ನು ಯಾರಾದರೂ ಪರಿಚಯಿಸಬೇಕಿತ್ತು. ತಾಯಿ ಹಿಲ್ಡಾ ತಾಯಿಯೆಂದು ಹೇಳಿಕೊಳ್ಳದೆ ಬಂದು ಮಗಳನ್ನು ಪರಿಚಯಿಸಿದರು. ತಾಯಿಯೇ ಹೊಲಿದ, ಝಾಲರಿಯುಳ್ಳ ಹಳ್ಳಿಗಾಡಿನ ಉಡುಪಿನಲ್ಲಿ ಹಾಡಬೇಕೆಂಬುದು ಪ್ಯಾಟ್ಸಿ ಅವರ ಇಚ್ಛೆಯಾಗಿತ್ತು. ಕಾರ್ಯಕ್ರಮದವರು ಒಪ್ಪದೆ ನಗರದ ಔತಣಕೂಟದ ಉಡುಪು ತೊಡಿಸಿದರು. ಯಾವ ಹಾಡು ಎಂಬುದನ್ನೂ ಅವರೇ ನಿರ್ಧರಿಸಿದರು. ಆ ರಾತ್ರಿ ಆಕೆಗೇ ಬಹುಮಾನ ಬಂತು. ಮುಂದಿನ ತಿಂಗಳು ಬಿಡುಗಡೆಯಾದ ಆ ಹಾಡು ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೂ, ಪಾಪ್ ಪಟ್ಟಿಯಲ್ಲಿ ಹನ್ನೆರಡನೆಯ ಸ್ಥಾನಕ್ಕೂ ಏರಿತು.

ಮೊದಲ ಆಲ್ಬಮ್ ಈ ಗೆಲುವಿನ ಬೆನ್ನಿಗೆ ಸಿದ್ಧವಾದದ್ದು. ಏಪ್ರಿಲ್‌ನಲ್ಲಿ ಆಕೆಯನ್ನು ನ್ಯೂಯಾರ್ಕ್‌ಗೆ ಕರೆಸಿ, ಅನಿತಾ ಕೆರ್ ಅವರ ಗಾಯನ ತಂಡದ ಹಿಮ್ಮೇಳದೊಂದಿಗೆ ಹಲವು ಹಾಡುಗಳನ್ನು ಮುದ್ರಿಸಿಕೊಳ್ಳಲಾಯಿತು. ಹನ್ನೆರಡು ಹಾಡುಗಳನ್ನು ಒಂದಾದ ಮೇಲೊಂದರಂತೆ ಕೇಳಿದರೆ ಆಲ್ಬಮ್ಮಿಗೆ ಒಂದು ದಿಕ್ಕಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಒಂದು ಹಾಡು ಅಪ್ಪಟ ಕಂಟ್ರಿ, ಇನ್ನೊಂದು ರಾಕ್ ಅಂಡ್ ರೋಲ್ ಜಾಡಿನದು, ಮತ್ತೊಂದು ನಗರದ ಪಾಪ್. ಗಾಯಕಿಯನ್ನು ಯಾವ ಅಂಗಡಿಯ ಯಾವ ಕಪಾಟಿನಲ್ಲಿಡಬೇಕೆಂದು ಕಂಪನಿಗೇ ತಿಳಿಯದಂತಿದೆ. 'ತ್ರೀ ಸಿಗರೆಟ್ಸ್ ಇನ್ ಆ್ಯನ್ ಆಶ್‌ಟ್ರೇ' ಎಂಬ ಹಾಡಿನಲ್ಲಿ ಮಾತ್ರ ಮುಂದೆ ಜಗತ್ತು ಗುರುತಿಸಲಿರುವ ಪ್ಯಾಟ್ಸಿ ಕ್ಲೈನ್ ಕಾಣುತ್ತಾರೆ. ಪ್ರೇಮಿಗಳಿಬ್ಬರು ಕುಳಿತ ಮೇಜಿಗೆ ಮೂರನೆಯವಳು ಬಂದ ಕಥೆಯನ್ನು ಬೂದಿಬಟ್ಟಲಿನಲ್ಲಿ ಉರಿಯುವ ಸಿಗರೇಟುಗಳ ಎಣಿಕೆಯಲ್ಲಿಯೇ ಹೇಳುವ ಹಾಡು ಅದು. ಆಕೆ ಅದನ್ನು ಗೋಳುಕರೆಯದೆ, ಸ್ವರವನ್ನು ತಗ್ಗಿಸಿ, ಪದಪದಕ್ಕೂ ತೂಕವಿಟ್ಟು ಹಾಡುತ್ತಾರೆ. ಉಳಿದೆಡೆಗಳಲ್ಲಿ ದೊಡ್ಡ ಕಂಠವೊಂದು ಸಣ್ಣ ಹಾಡುಗಳೊಳಗೆ ಇಕ್ಕಟ್ಟಿನಿಂದ ಕುಳಿತಿರುವಂತೆ ನನಗೆ ಕೇಳುತ್ತದೆ.

ಆಲ್ಬಮ್ ಪಾಪ್ ಆಲ್ಬಮ್‌ಗಳ ಪಟ್ಟಿಯನ್ನು ಸೇರಲಿಲ್ಲ. ಕಂಟ್ರಿ ಆಲ್ಬಮ್‌ಗಳಿಗೆ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಪ್ರತ್ಯೇಕ ಪಟ್ಟಿಯೇ ಆಗ ಇರಲಿಲ್ಲ. ಅದು ಆರಂಭವಾದದ್ದು 1964ರಲ್ಲಿ. ಆದ್ದರಿಂದ ಸೋಲನ್ನು ಈ ಒಂದೇ ಅಳತೆಯಲ್ಲಿ ಅಳೆಯಲಾಗದು. ಆದರೆ ನಂತರದ ಬಿಡಿ ಹಾಡುಗಳ ಗತಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1957ರ ಆ ಯಶಸ್ಸಿನ ನಂತರ 1961ರವರೆಗೆ ಆಕೆಯ ಯಾವ ಹಾಡೂ ಜನಪ್ರಿಯತೆಯ ಪಟ್ಟಿಗೆ ಏರಲಿಲ್ಲ. ಈ ನಡುವೆ ಚಾರ್ಲಿ ಡಿಕ್ ಅವರೊಂದಿಗೆ ಎರಡನೆಯ ವಿವಾಹ, ಮಗಳ ಜನನ, 1959ರಲ್ಲಿ ನ್ಯಾಶ್‌ವಿಲ್‌ಗೆ ವಲಸೆ. 1960ರ ಜನವರಿಯಲ್ಲಿ ಗ್ರ್ಯಾಂಡ್ ಓಲ್ ಆಪ್ರಿಯ ಸದಸ್ಯತ್ವ ದೊರೆತು ಬಾಲ್ಯದ ಕನಸು ಈಡೇರಿತು. ಆದರೆ ಹಾಡಲು ಹೊಸ, ಒಳ್ಳೆಯ ಹಾಡಿಗೆ ಮಾತ್ರ ಕರಾರು ಅಡ್ಡವಾಗಿ ನಿಂತಿತ್ತು. ಸುಮಾರು ಐವತ್ತು ಹಾಡುಗಳು ಆ ಕರಾರಿನಡಿ ಮುದ್ರಣಗೊಂಡವು. ಗೆದ್ದದ್ದು ಒಂದು.

1960ರಲ್ಲಿ ಕರಾರು ಮುಗಿಯಿತು. ಪ್ಯಾಟ್ಸಿ ನೇರವಾಗಿ ಡೆಕ್ಕಾ ಕಂಪನಿಗೆ ಸೇರಿದರು. ಬ್ರಾಡ್ಲಿ ಅವರಿಗೆ ಈಗ ಯಾರ ಹಾಡನ್ನಾದರೂ ಆಯ್ದುಕೊಳ್ಳುವ ಸ್ವಾತಂತ್ರ್ಯವಿತ್ತು. ಅದೇ ವರ್ಷದ ನವೆಂಬರ್ 16ರಂದು ಹ್ಯಾಂಕ್ ಕಾಕ್ರನ್ ಮತ್ತು ಹಾರ್ಲನ್ ಹೋವರ್ಡ್ ಬರೆದ 'ಐ ಫಾಲ್ ಟು ಪೀಸಸ್' ಹಾಡಿನ ಧ್ವನಿಮುದ್ರಣ ನಡೆಯಿತು. 1961ರಲ್ಲಿ ಅದು ತಿಂಗಳುಗಟ್ಟಲೆ ನಿಧಾನವಾಗಿ ಮೇಲೇರುತ್ತಿದ್ದಾಗಲೇ, ಜೂನ್ 14ರಂದು ನ್ಯಾಶ್‌ವಿಲ್‌ನಲ್ಲಿ ಕಾರು ಅಪಘಾತವಾಗಿ ಹಣೆ ಸೀಳಿತು, ಸೊಂಟಕ್ಕೆ ತೀವ್ರ ಪೆಟ್ಟಾಯಿತು. ಆ ಅಪಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಬೇಸಿಗೆಯಲ್ಲಿಯೇ ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನ ತಲುಪಿತು. ಆಗಸ್ಟ್‌ನಲ್ಲಿ ಊರುಗೋಲಿನ ಆಸರೆಯಲ್ಲಿ ಸ್ಟುಡಿಯೋಕ್ಕೆ ಬಂದ ಆಕೆ, ಆಗಿನ್ನೂ ಅಷ್ಟಾಗಿ ಹೆಸರಿಲ್ಲದ ವಿಲ್ಲಿ ನೆಲ್ಸನ್ ಬರೆದ 'ಕ್ರೇಜ಼ಿ' ಹಾಡಲು ಯತ್ನಿಸಿದರು. ಪಕ್ಕೆಲುಬಿನ ನೋವಿನಿಂದ ತಾರಸ್ವರ ನಿಲ್ಲಲಿಲ್ಲ. ವಾದ್ಯಗಳನ್ನು ಮುದ್ರಿಸಿಟ್ಟು, ಕೆಲವು ವಾರಗಳ ನಂತರ ಬಂದು ಅದರ ಮೇಲೆ ತಮ್ಮ ಕಂಠವನ್ನು ಸೇರಿಸಿದರು. ಅದು ಪಾಪ್ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನಕ್ಕೇರಿತು. ಅದೇ ನವೆಂಬರ್‌ನಲ್ಲಿ ಎರಡನೆಯ ಆಲ್ಬಮ್ ಬಂತು. 'ವಾಕಿನ್ ಆಫ್ಟರ್ ಮಿಡ್‌ನೈಟ್' ಹಾಡನ್ನೂ ಹೊಸದಾಗಿ ಮುದ್ರಿಸಿ ಅದರಲ್ಲಿ ಸೇರಿಸಿದ್ದರು. ಅದೇ ತಿಂಗಳು ನ್ಯೂಯಾರ್ಕ್‌ನ ಕಾರ್ನೆಗಿ ಸಭಾಂಗಣದಲ್ಲಿ ಕಾರ್ಯಕ್ರಮವೂ ನಡೆಯಿತು.

ಎಲ್ಲಕ್ಕೂ ಕರಾರೊಂದೇ ಕಾರಣವೆಂದರೆ ಅದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಒಪ್ಪುವ ಮಾತಲ್ಲ. 1957 ಮತ್ತು 1961ರ ನಡುವೆ ಬೇರೆ ಸಂಗತಿಗಳೂ ಬದಲಾಗಿದ್ದವು. ರಾಕ್ ಅಂಡ್ ರೋಲ್ ಅಬ್ಬರಕ್ಕೆ ಸಿಕ್ಕಿ ತತ್ತರಿಸಿದ್ದ ನ್ಯಾಶ್‌ವಿಲ್, ಪಿಟೀಲು ವೃಂದ ಮತ್ತು ಮೃದು ಹಿಮ್ಮೇಳಗಳ ಹೊಸ ಶೈಲಿಯೊಂದನ್ನು ರೂಪಿಸಿಕೊಂಡಿತ್ತು. ಅದರ ಶಿಲ್ಪಿಗಳಲ್ಲಿ ಬ್ರಾಡ್ಲಿ ಕೂಡ ಒಬ್ಬರು. ಗಾಯಕಿಯೂ ಮಾಗಿದ್ದರು. ಕಾಕ್ರನ್, ನೆಲ್ಸನ್ ಇಬ್ಬರೂ ನ್ಯಾಶ್‌ವಿಲ್‌ಗೆ ಬಂದದ್ದೇ 1960ರ ಸುಮಾರಿಗೆ. ಮೊದಲ ಗೆಲುವಿನ ಹಾಡು ಬಂದದ್ದೂ ಫೋರ್ ಸ್ಟಾರ್ ಭಂಡಾರದಿಂದಲೇ ಎಂಬುದನ್ನು ಮರೆಯುವಂತಿಲ್ಲ. ಯಾರಿಗೂ ತಿಳಿಯದ ಹುಡುಗಿಯ ಮೇಲೆ ಹಣ ಹೂಡಿದ್ದು ಮೆಕಾಲ್. ಹೂಡಿಕೆಯ ಅಪಾಯಕ್ಕೆ ಪ್ರತಿಫಲ ಸಲ್ಲಬೇಕಾದದ್ದು ನ್ಯಾಯ.

ಇಷ್ಟನ್ನೂ ಒಪ್ಪಿಕೊಂಡ ಮೇಲೂ ಒಂದು ಸಾಕ್ಷ್ಯ ಉಳಿಯುತ್ತದೆ. ಡಾನ್ ಗಿಬ್ಸನ್ ಬರೆದ 'ಸ್ವೀಟ್ ಡ್ರೀಮ್ಸ್' ಎಂಬ ಹಾಡು 1956ರಲ್ಲಿಯೇ ಫ್ಯಾರನ್ ಯಂಗ್ ಅವರ ಕಂಠದಲ್ಲಿ ಜನಪ್ರಿಯವಾಗಿತ್ತು. ಅಂದರೆ ಮೊದಲ ಆಲ್ಬಮ್ ಸಿದ್ಧವಾಗುವ ಮುನ್ನವೇ ಇಂಥ ಹಾಡುಗಳು ನ್ಯಾಶ್‌ವಿಲ್‌ನಲ್ಲಿ ಇದ್ದವು. ಅವುಗಳ ಹಕ್ಕು ಬೇರೆಯವರ ಬಳಿ ಇತ್ತು. ಪ್ಯಾಟ್ಸಿ ಕ್ಲೈನ್ ಅದನ್ನು ಧ್ವನಿಮುದ್ರಿಸಿದ್ದು 1963ರ ಫೆಬ್ರುವರಿಯಲ್ಲಿ. ಇಂದು ಆ ಹಾಡು ಎಂದರೆ ಕೇಳುಗರಿಗೆ ನೆನಪಾಗುವುದು ಬಹುಮಟ್ಟಿಗೆ ಆಕೆಯ ಕಂಠವೇ.

ನನಗೆ ಹೆಚ್ಚು ಸೋಜಿಗವೆನಿಸಿದ್ದು ಆ ಷರತ್ತು ಮೆಕಾಲ್ ಅವರಿಗೇ ಮಾಡಿದ ನಷ್ಟ. ಹೊರಗಿನ ಒಳ್ಳೆಯ ಹಾಡುಗಳನ್ನು ಹಾಡಲು ಬಿಟ್ಟಿದ್ದರೆ ಪ್ರತಿ ಹಾಡಿಗೆ ಎರಡು ಸೆಂಟ್ ಕೈತಪ್ಪುತ್ತಿತ್ತು. ಆದರೆ ಧ್ವನಿಮುದ್ರಿಕೆಗಳ ಒಡೆತನ ಅವರದೇ ಆಗಿದ್ದುದರಿಂದ, ಮಾರಾಟ ಹತ್ತಾರು ಪಟ್ಟು ಹೆಚ್ಚಿದಾಗ ಬರುವ ಲಾಭವೂ ಅವರಿಗೇ ಸೇರುತ್ತಿತ್ತು. ಕಣ್ಣೆದುರಿನ ಖಚಿತ ಪುಡಿಗಾಸನ್ನು ಕಾಯುತ್ತ ದೊಡ್ಡ ಆದಾಯದ ಬಾಗಿಲನ್ನು ಅವರೇ ಮುಚ್ಚಿಕೊಂಡರು. ಬಿಗಿ ಷರತ್ತು ಬರೆದವರು ತಮ್ಮ ಹಿತವನ್ನು ಚೆನ್ನಾಗಿ ಬಲ್ಲರೆಂದು ನಾವು ಊಹಿಸುತ್ತೇವೆ. ಎಷ್ಟೋ ಕಡತಗಳನ್ನು ನೋಡಿದ ಅನುಭವದಲ್ಲಿ ಹೇಳುವುದಾದರೆ, ಆ ಊಹೆ ಯಾವಾಗಲೂ ಸರಿಯಾಗುವುದಿಲ್ಲ.

ಕಾನೂನು ಇದನ್ನು ತಡೆಯಬಹುದಿತ್ತೇ? ಫೋರ್ ಸ್ಟಾರ್ ನೆಲೆಸಿದ್ದ ಕ್ಯಾಲಿಫೋರ್ನಿಯಾದಲ್ಲಿ ವೈಯಕ್ತಿಕ ಸೇವೆಯ ಕರಾರು ಏಳು ವರ್ಷ ಮೀರಿ ಯಾರನ್ನೂ ಕಟ್ಟಿಹಾಕಕೂಡದೆಂಬ ನಿಯಮವಿದೆ. ಚಲನಚಿತ್ರ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ 1944ರಲ್ಲಿ ಅದರ ಬಲದಿಂದಲೇ ವಾರ್ನರ್ ಬ್ರದರ್ಸ್ ವಿರುದ್ಧ ಗೆದ್ದು ಬಿಡುಗಡೆ ಪಡೆದರು. ಆದರೆ ಆ ನಿಯಮ ಎಣಿಸುವುದು ವರ್ಷಗಳನ್ನು ಮಾತ್ರ. ಪ್ಯಾಟ್ಸಿ ಅವರ ಕರಾರು ಆ ಮಿತಿಯೊಳಗೇ, ಸುಮಾರು ಆರು ವರ್ಷ ನಡೆಯಿತು. ಅವಧಿಯೊಳಗೆ ಕಲಾವಿದರ ಕೈಗೆ ಯಾವ ಹಾಡು ಬರಬೇಕು, ಯಾವುದು ಬರಬಾರದು ಎಂಬುದರ ಬಗ್ಗೆ ಅದು ಮೌನವಾಗಿತ್ತು. ಈ ಕಾಲದಲ್ಲಿ ಆಕೆ ತಾವಾಗಿಯೇ ಕಂಡುಕೊಂಡ ಒಂದು ರಕ್ಷಣೆಯಿತ್ತು. ಕಾರ್ಯಕ್ರಮ ಏರ್ಪಡಿಸಿದವರಿಂದ ಒಪ್ಪಿದ ಹಣವನ್ನು ಎಣಿಸಿಕೊಳ್ಳದೆ ವೇದಿಕೆ ಏರುತ್ತಿರಲಿಲ್ಲ. ಹಲವು ಸಲ ಮೋಸಹೋಗುತ್ತಿದ್ದ ಕಲಾವಿದರ ನಡುವೆ, ಅದರಲ್ಲೂ ಹೆಣ್ಣೊಬ್ಬಳಿಂದ, ಅದೊಂದು ದಿಟ್ಟ ನಡೆಯಾಗಿತ್ತು. ಲೊರೆಟಾ ಲಿನ್, ಡಾಟಿ ವೆಸ್ಟ್ ಮುಂತಾದ ಗಾಯಕಿಯರಿಗೂ ಆಕೆ ಬೆಂಬಲವಾಗಿ ನಿಂತರು.

1963ರ ಮಾರ್ಚ್ 3ರಂದು ಆಕೆ ಕ್ಯಾನ್ಸಸ್ ಸಿಟಿಯಲ್ಲಿ, ಅಪಘಾತದಲ್ಲಿ ತೀರಿಕೊಂಡ ರೇಡಿಯೋ ನಿರೂಪಕರೊಬ್ಬರ ಕುಟುಂಬದ ಸಹಾಯಾರ್ಥ ಹಾಡಿದರು. ಎರಡು ದಿನಗಳ ನಂತರ, ಮಾರ್ಚ್ 5ರ ಸಂಜೆ, ಮನೆಗೆ ಮರಳುತ್ತಿದ್ದ ಪುಟ್ಟ ವಿಮಾನ ಕೆಟ್ಟ ಹವೆಯಲ್ಲಿ ಸಿಲುಕಿ ಟೆನೆಸೀ ರಾಜ್ಯದ ಕ್ಯಾಮ್ಡೆನ್ ಬಳಿಯ ಕಾಡಿನಲ್ಲಿ ಉರುಳಿತು. ಗಾಯಕರಾದ ಹಾಕ್‌ಶಾ ಹಾಕಿನ್ಸ್, ಕೌಬಾಯ್ ಕೋಪಾಸ್, ವಿಮಾನ ನಡೆಸುತ್ತಿದ್ದ ವ್ಯವಸ್ಥಾಪಕ ರ್‍ಯಾಂಡಿ ಹ್ಯೂಸ್ ಮತ್ತು ಪ್ಯಾಟ್ಸಿ ಅಸುನೀಗಿದರು. ಪ್ಯಾಟ್ಸಿ ಅವರಿಗೆ ಮೂವತ್ತು ವರ್ಷ. ಹಿಂದೆ ಉಳಿದವರು ಪತಿ, ನಾಲ್ಕರ ಮಗಳು, ಎರಡರ ಮಗ. ಜೀವಿತಕಾಲದಲ್ಲಿ ಬಂದ ಆಲ್ಬಮ್‌ಗಳು ಮೂರು ಮಾತ್ರ.

1973ರಲ್ಲಿ ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಸೇರಿದ ಮೊದಲ ಏಕವ್ಯಕ್ತಿ ಗಾಯಕಿ ಎಂಬ ಗೌರವ ಆಕೆಗೆ ಸಂದಿತು. 1967ರಲ್ಲಿ ಬಂದ ಆಯ್ದ ಹಾಡುಗಳ ಸಂಕಲನಕ್ಕೆ ಅಮೆರಿಕದಲ್ಲಿ ಒಂದು ಕೋಟಿ ಪ್ರತಿಗಳ ಮಾರಾಟದ ಮಾನ್ಯತೆ ದೊರೆತಿದೆ. ಇತ್ತ ಫೋರ್ ಸ್ಟಾರ್ ಕಾಲದ ಮುದ್ರಣಗಳು ಕೈಯಿಂದ ಕೈಗೆ ಹೋಗಿ, ಹಲವು ಹೆಸರುಗಳ ಅಗ್ಗದ ಸಂಕಲನಗಳಾಗಿ ದಶಕಗಟ್ಟಲೆ ಮಾರಾಟವಾದವು. ನಾನು ಮೊದಲು ಕೊಂಡ ಸಿ.ಡಿ. ಅಂಥದೇ. ಮುಖಪುಟದಲ್ಲಿ ಆಕೆಯ ಚಿತ್ರವಿತ್ತು, ಒಳಗೆ ಹೆಚ್ಚಿನಂಶ ಮೊದಲ ಆಲ್ಬಮ್ಮಿನ ಹಾಡುಗಳೇ ಇದ್ದವು. ಖ್ಯಾತಿ ತಂದ ಹಾಡುಗಳಲ್ಲಿ ಒಂದನ್ನು ಬಿಟ್ಟು ಬೇರೆಯವು ಇರಲಿಲ್ಲ.

ವೃತ್ತಿಜೀವನದ ಲೆಕ್ಕ ಹೀಗಿದೆ. ಕರಾರಿನೊಳಗೆ ಕಳೆದದ್ದು ಸುಮಾರು ಆರು ವರ್ಷ. ಬಿಡುಗಡೆಯ ನಂತರ ದೊರೆತದ್ದು ಎರಡೂವರೆ ವರ್ಷಕ್ಕೂ ಕಡಿಮೆ. ಅದರಲ್ಲಿಯೂ ಕೆಲವು ತಿಂಗಳು ಅಪಘಾತದ ಪಾಲಾದವು. ಎಪ್ಪತ್ತು ವರ್ಷ ಬಾಳಿದವರ ಬದುಕಿನಲ್ಲಿ ಆರು ವರ್ಷದ ನಷ್ಟ ಭರ್ತಿಯಾಗಬಹುದು. ಮೂವತ್ತಕ್ಕೆ ಮುಗಿದ ಬದುಕಿನಲ್ಲಿ ಅದಕ್ಕೆ ಪರಿಹಾರವಿಲ್ಲ. ಸಹಿ ಹಾಕುವ ದಿನ ಇಪ್ಪತ್ತೆರಡರ ಹುಡುಗಿಗೆ ತನ್ನ ಬಳಿ ಇನ್ನೆಷ್ಟು ಕಾಲವಿದೆ ಎಂಬುದು ತಿಳಿದಿರುವುದಿಲ್ಲ. ಕರಾರು ಬರೆದವರಿಗೂ ತಿಳಿದಿರುವುದಿಲ್ಲ. ಶೇಕಡಾವಾರು ರಾಯಧನದ ಚೌಕಾಶಿಗಿಂತ, ಒಳ್ಳೆಯ ಹಾಡು ಎದುರಾದಾಗ ಅದನ್ನು ಹಾಡಬಲ್ಲ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವುದು ಕಲಾವಿದರಿಗೆ ಮುಖ್ಯವೆಂದು ನಾನು ಭಾವಿಸುವುದು ಈ ಕಾರಣಕ್ಕೆ. 1957ರ ಆ ಆಲ್ಬಮ್ಮನ್ನು ಈಗಲೂ ಆಗಾಗ ಕೇಳುತ್ತೇನೆ. ಹಾಡುಗಳು ಸಾಧಾರಣ. ಅವನ್ನು ಸಾಧಾರಣವೆಂದು ತಿಳಿದೂ ಅರೆಮನಸ್ಸಿನಿಂದ ಹಾಡದ ಆ ಕಂಠದ ನಿಷ್ಠೆ ಸಾಧಾರಣವಾದದ್ದಲ್ಲ.